ಬೋಡಕ್‌ದೇವ್‌ನಲ್ಲಿ ಹಂಚಿದ ಪೇಢೆ

ಇವತ್ತು ಬೆಳಿಗ್ಗೆ ನನ್ನ ಮೊಮ್ಮಗಳು ಮೊದಲ ಸಲ ತಾನೇ ಹೊರಳಿ ಬೋರಲು ಬಿದ್ದಳು. ಬಿದ್ದವಳು ಅಳಲಿಲ್ಲ. ಕತ್ತು ಎತ್ತಿ ನನ್ನನ್ನೇ ನೋಡಿದಳು, ನೋಡಿದೆಯಾ ಅಜ್ಜಿ ಅನ್ನುವ ಹಾಗೆ. ನಾನು ಚಪ್ಪಾಳೆ ತಟ್ಟಿದೆ, ಶಿಳ್ಳೆ ಹೊಡೆಯಲು ಬಾರದೆ ಬಾಯಲ್ಲಿ ಏನೇನೋ ಸದ್ದು ಮಾಡಿದೆ, ಬಾಗಿಲು ತೆಗೆದು ಎದುರು ಮನೆಯ ಗುಜರಾತಿ ಹೆಂಗಸನ್ನು ಕೈಹಿಡಿದು ಎಳೆದು ತಂದೆ. ಅಷ್ಟರಲ್ಲಿ ಮಗಳು ಕೂಸನ್ನು ಎತ್ತಿಕೊಂಡುಬಿಟ್ಟಿದ್ದಳು. ಮತ್ತೆ ಚಾಪೆಯ ಮೇಲೆ ಮಲಗಿಸಿ, ಇನ್ನೊಮ್ಮೆ ತೋರಿಸವಾ ಅಂದೆ. ತೋರಿಸಲಿಲ್ಲ. ಆ ಹೆಂಗಸು ಪಾಪ, ಒಲೆ ಮೇಲೆ ಹಾಲಿಟ್ಟು ಬಂದಿದ್ದರೂ ಕಾಲು ಗಂಟೆ ನಿಂತಿದ್ದಳು.

ಇಷ್ಟು ಖುಷಿ ಉಕ್ಕಿದಾಗ ಜನ ದೇವರನ್ನು ನೆನೆಯುತ್ತಾರೆ. ನನಗೆ ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿರುವ ಒಬ್ಬ ಡಾಕ್ಟರು ನೆನಪಾಗುತ್ತಾರೆ. ಕೂಸು ನಕ್ಕರೆ ಆ ಮನುಷ್ಯನ ಮುಖಕ್ಕೆ ಹಿಡಿದು ತೋರಿಸಬೇಕು ಅನ್ನಿಸುತ್ತದೆ. ಕೂಸು ಅತ್ತರೆ, ಆ ಅಳು ಅವರ ಕಿವಿಯಲ್ಲಿ ಇಡೀ ದಿನ ಕೇಳಲಿ ಅನ್ನಿಸುತ್ತದೆ. ವಯಸ್ಸಾದವಳು ಇಷ್ಟು ಸಿಟ್ಟು ಇಟ್ಟುಕೊಳ್ಳಬಾರದು ಎಂದು ಅಳಿಯ ಹೇಳುತ್ತಾನೆ. ಅವನಿಗೇನು, ಗಂಜಿ ಕುಡಿಸಿ ಮಗಳನ್ನು ಕೊಲ್ಲಲು ಹೊರಟವಳು ಎಂದು ಅವನನ್ನು ಯಾರೂ ಅಂದಿಲ್ಲ.

ನಾನು ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು. ಮದುವೆಯಾಗಿ ಗದಗಿನ ಕಡೆಯಿಂದ ಅಹಮದಾಬಾದಿಗೆ ಬಂದೆ. ನಮ್ಮ ಯಜಮಾನರು ವಟ್ವಾದ ಬಣ್ಣದ ಕಾರ್ಖಾನೆಯಲ್ಲಿ ದುಡಿದರು. ಮನೆಗೆ ಬಂದಾಗ ಅವರ ಉಗುರು ಒಂದು ದಿನ ಕೆಂಪು, ಒಂದು ದಿನ ನೀಲಿ. ಈಗ ಅವರಿಲ್ಲ. ಮಣಿನಗರ ಸ್ಟೇಷನ್ನಿನ ಹತ್ತಿರದ ಎರಡು ಕೋಣೆಯ ಮನೆಯಲ್ಲಿ ನಮ್ಮ ಒಬ್ಬಳೇ ಮಗಳು ಬೆಳೆದಳು. ನನ್ನ ಜೊತೆ ಕನ್ನಡ, ಗೆಳತಿಯರ ಜೊತೆ ಗುಜರಾತಿ, ಸಿಟ್ಟು ಬಂದರೆ ಹಿಂದಿ.

ಆಕೆಗೆ ಆರು ವರ್ಷವಿದ್ದಾಗ ಬೇಸಿಗೆ ರಜೆಗೆ ಊರಿಗೆ ಹೋಗಿದ್ದೆವು. ಅಲ್ಲಿ ಹೊಟ್ಟೆನೋವು ಎಂದು ಬಿದ್ದು ಒದ್ದಾಡಿದಳು. ಕರುಳು ತಿರುಚಿಕೊಂಡಿದೆ ಎಂದು ಗದಗಿನಲ್ಲಿ ಹೊಟ್ಟೆ ತೆರೆದು ಸರಿ ಮಾಡಿದರು. ಹೊಕ್ಕುಳ ಕೆಳಗೆ ಒಂದು ಗೆರೆ ಉಳಿಯಿತು. ಆಗಲೇ ನಾನೂ ಯಜಮಾನರೂ ಮಾತಾಡಿಕೊಂಡೆವು, ಇದನ್ನು ಯಾರಿಗೂ ಹೇಳುವುದು ಬೇಡ ಎಂದು. ಹೊಟ್ಟೆ ಕೊಯ್ಸಿಕೊಂಡ ಹುಡುಗಿ ಎಂದು ಗೊತ್ತಾದರೆ, ಇವಳಿಗೆ ಮಕ್ಕಳಾಗುವುದಿಲ್ಲ ಎಂದು ಬಂದ ಗಂಡುಗಳೆಲ್ಲ ಹೊಸ್ತಿಲಿನಿಂದಲೇ ತಿರುಗಿ ಹೋಗುತ್ತಾರೆ ಎಂಬ ಭಯ. ಯಾರಾದರೂ ಕೇಳಿದರೆ ಬರೆ ಎನ್ನುತ್ತಿದ್ದೆವು. ನಮ್ಮ ಕಡೆ ಸಣ್ಣ ಮಕ್ಕಳಿಗೆ ಹೊಟ್ಟೆ ಉಬ್ಬಿದರೆ ಕಬ್ಬಿಣ ಕಾಯಿಸಿ ಬರೆ ಹಾಕುವುದುಂಟು. ಗುಜರಾತಿನಲ್ಲೂ ಉಂಟು, ಇಲ್ಲಿಯವರು ಡಾಮ್ ಅನ್ನುತ್ತಾರೆ. ಹಾಗಾಗಿ ನಮ್ಮ ಸುಳ್ಳು ಎರಡು ರಾಜ್ಯದಲ್ಲಿ ನಡೆಯಿತು. ಮಗಳಿಗೂ ಅದನ್ನೇ ಹೇಳಲು ಕಲಿಸಿದೆ.

ಸಂಬಂಧ ಸೂರತ್ತಿನಿಂದ ಬಂತು. ಅವರೂ ನಮ್ಮ ಕಡೆಯ ಕನ್ನಡದವರೇ, ಸೀರೆ ವ್ಯಾಪಾರಕ್ಕೆ ಬಂದು ಅಲ್ಲೇ ಮನೆ ಮಾಡಿದವರು. ಅಳಿಯನಿಗೆ ವಡೋದರಾದಲ್ಲಿ ನೌಕರಿ. ಅವನ ತಾಯಿ, ನನ್ನ ಬೀಗಿತ್ತಿ, ಸೂರತ್ತಿನಲ್ಲಿ ಹಿರಿಯ ಮಗನ ಜೊತೆ ಇರುತ್ತಾಳೆ. ಗಟ್ಟಿ ಹೆಂಗಸು. ಆಕೆ ಮೆತ್ತಗೆ ಮಾತಾಡಿದರೂ ಮೂರು ಮನೆಗೆ ಕೇಳುತ್ತದೆ.

ಮದುವೆಯಾಗಿ ನಾಲ್ಕು ವರ್ಷವಾದರೂ ಮಕ್ಕಳಾಗಲಿಲ್ಲ. ತಿಂಗಳು ತಿಂಗಳು ಮಗಳಿಗೆ ಸಹಿಸಲಾರದ ನೋವು. ತಪಾಸಣೆ ಮಾಡಿ, ಅಂಡಾಶಯದಲ್ಲಿ ಗಂಟು ಇದೆ, ಚಾಕಲೇಟ್ ಸಿಸ್ಟ್ ಅಂದರು. ಒಳಗೆ ಹಳೆಯ ರಕ್ತ ನಿಂತು ಕಂದಾಗಿರುತ್ತದಂತೆ, ಅದಕ್ಕೆ ಆ ಹೆಸರು. ಮಗಳು ಒದ್ದಾಡುವ ನೋವಿಗೆ ಮಿಠಾಯಿಯ ಹೆಸರಿಟ್ಟವರು ಯಾರೋ, ಸಿಕ್ಕರೆ ಅವರಿಗೂ ನಾಲ್ಕು ಮಾತು ಹೇಳುವುದಿದೆ. ಇದನ್ನು ತೆಗೆಸಲು ಬೋಡಕ್‌ದೇವ್‌ನ ಆ ದೊಡ್ಡ ಡಾಕ್ಟರಲ್ಲಿಗೆ ಹೋದೆವು. ದೂರ್ಬೀನಿನ ಆಪರೇಷನ್ ಎಂದು ಇಲ್ಲಿ ಕರೆಯುತ್ತಾರೆ. ಹೊಟ್ಟೆ ಪೂರ್ತಿ ಕೊಯ್ಯುವುದಿಲ್ಲ, ಮೂರು ಸಣ್ಣ ತೂತು, ಗಾಳಿ ತುಂಬಿ ಹೊಟ್ಟೆ ಉಬ್ಬಿಸಿ, ಕೊಳವೆ ಇಳಿಸಿ, ಟಿವಿಯಲ್ಲಿ ನೋಡುತ್ತ ಮಾಡುತ್ತಾರೆ. ಮಾರನೇ ದಿನ ಮನೆಗೆ.

ಆಪರೇಷನ್ನಿಗೆ ಮೊದಲು ಒಬ್ಬ ಸಣ್ಣ ವಯಸ್ಸಿನ ಡಾಕ್ಟರಮ್ಮ ಕೂತು ಎಲ್ಲ ಕೇಳಿ ಬರೆದುಕೊಂಡಳು. ಕೋಣೆಯಲ್ಲಿ ಮಗಳು, ನಾನು, ಬೀಗಿತ್ತಿ. ಆಕೆ ಸೂರತ್ತಿನಿಂದ ಬೆಳಗಿನ ಗಾಡಿಗೆ ಬಂದಿದ್ದಳು. ಡಾಕ್ಟರಮ್ಮ ಮಗಳ ಹೊಟ್ಟೆ ನೋಡಿ ಹಿಂದಿಯಲ್ಲಿ ಕೇಳಿದಳು, "ಈ ಗುರುತು ಏನು? ಮೊದಲು ಆಪರೇಷನ್ ಆಗಿದೆಯಾ?"

ಮಗಳು ನನ್ನನ್ನು ನೋಡಿದಳು. ನಾನು ಬೀಗಿತ್ತಿಯನ್ನು ನೋಡಿದೆ. ಬೀಗಿತ್ತಿ ಕುರ್ಚಿ ಮುಂದಕ್ಕೆ ಎಳೆದುಕೊಂಡಳು.

"ಡಾಮ್," ಅಂದೆ. "ಸಣ್ಣವಳಿದ್ದಾಗ ಡಾಮ್ ಕೊಟ್ಟಿದ್ದರು."

ಡಾಕ್ಟರಮ್ಮ ಅಯ್ಯೋ ಎಂದು ತಲೆ ಆಡಿಸಿ ಬರೆದುಕೊಂಡಳು. ಕೊನೆಗೆ ಒಂದು ಕಾಗದಕ್ಕೆ ನನ್ನ ಸಹಿಯನ್ನೂ ಹಾಕಿಸಿಕೊಂಡಳು. ಇಂಗ್ಲಿಷಿನಲ್ಲಿತ್ತು. ಏನಿದೆ ಎಂದು ನಾನು ಕೇಳಲಿಲ್ಲ. ದೊಡ್ಡ ಡಾಕ್ಟರಂತೂ ಮಗಳ ಹೊಟ್ಟೆಯನ್ನು ಕಣ್ಣೆತ್ತಿ ನೋಡಿರಲಿಲ್ಲ. ಸೋನೋಗ್ರಫಿ ಫೋಟೋ ನೋಡಿದರು, ಗಡಿಯಾರ ನೋಡಿದರು, "ಚಿಂತಾ ನ ಕರೋ, ಬಾ" ಎಂದರು, ಇಲ್ಲಿ ವಯಸ್ಸಾದ ಹೆಂಗಸರನ್ನು ಬಾ, ಅಂದರೆ ಅಮ್ಮ, ಎಂದು ಕರೆಯುತ್ತಾರೆ. ಎತ್ತು ಕೊಳ್ಳುವವನು ಕೂಡ ಬಾಯಿ ತೆರೆದು ಹಲ್ಲು ನೋಡುತ್ತಾನೆ.

ಆಪರೇಷನ್ ಆಯಿತು, ಗಂಟು ಹೋಯಿತು ಅಂದರು. ಮಾರನೇ ದಿನ ಮಧ್ಯಾಹ್ನ ಮಗಳು ಹಸಿವು ಅಂದಳು. ನರ್ಸ್ ನೀರು, ತೆಳ್ಳನೆಯದು ಏನಾದರೂ ಕೊಡಬಹುದು ಅಂದಿದ್ದಳು. ನಾನು ಮಣಿನಗರದಿಂದ ಸ್ಟೀಲ್ ಡಬ್ಬಿಯಲ್ಲಿ ಅಕ್ಕಿ ಗಂಜಿ ತಂದಿದ್ದೆ, ಉಪ್ಪು, ಚೂರು ಜೀರಿಗೆ. ನಾಲ್ಕು ಚಮಚ ಕುಡಿದಳು, ಅಷ್ಟೇ. ಸಂಜೆಗೆ ಹೊಟ್ಟೆ ಉಬ್ಬಿತು. ನೋವು ಎಂದಳು. ಮೈ ಬಿಸಿ, ಎದೆ ಓಡುವ ಕುದುರೆಯಂತೆ ಹೊಡೆದುಕೊಳ್ಳುತ್ತಿತ್ತು. ದೊಡ್ಡ ಡಾಕ್ಟರು ಬಾಗಿಲಲ್ಲೇ ನಿಂತು, "ಗ್ಯಾಸ್ ಹೈ. ಒಳಗೆ ತುಂಬಿದ ಗಾಳಿ ಇರುತ್ತದೆ, ಹೋಗುತ್ತದೆ" ಅಂದರು. ಆಮೇಲೆ ಅವರ ಕಣ್ಣು ನನ್ನ ಡಬ್ಬಿಯ ಮೇಲೆ ಬಿತ್ತು.

"ಇದೇನು? ಯಾರು ತಿನ್ನಿಸಲು ಹೇಳಿದ್ದು?"

ನರ್ಸ್ ತಲೆ ತಗ್ಗಿಸಿದಳು. ಬೀಗಿತ್ತಿ ಎದ್ದು ನಿಂತಳು.

"ಏನ್ ಕುಡಿಸೀರಿ ಬೀಗರ ನನ್ನ ಸೊಸಿಗಿ?"

"ಗಂಜಿ ರೀ ಅಕ್ಕಾರ. ಬರೇ ಗಂಜಿ."

"ಹೊಟ್ಟಿ ತೂತು ಹಾಕ್ಯಾರ, ಇನ್ನೂ ಮಾಯ್ದಿಲ್ಲ, ಅದರಾಗ ಗಂಜಿ ಸುರದೀರಿ!"

ಮೂರನೇ ದಿನ ಬಿಡುಗಡೆ ಕೊಟ್ಟರು. ಚೀಟಿಯಲ್ಲಿ ಒಂದು ಸಾಲು ಬರೆದಿದ್ದರು, ತಾಯಿ ಸಲಹೆ ಮೀರಿ ಆಹಾರ ಕೊಟ್ಟಿದ್ದಾರೆ ಎಂದು. ಅಳಿಯ ಓದಿ ಹೇಳಿದ. ಅವನು ಮಗಳನ್ನೂ ನನ್ನನ್ನೂ ಕಾರಿನಲ್ಲಿ ವಡೋದರಾಕ್ಕೆ ಕರೆದುಕೊಂಡು ಹೊರಟ. ಅರ್ಧ ದಾರಿಯಲ್ಲಿ ಆಕೆ ಹಸಿರು ವಾಂತಿ ಮಾಡಿಕೊಂಡಳು. ಹೊಟ್ಟೆ ಮುಟ್ಟಿದರೆ ಹಲಗೆ. ಮನೆಗೆ ಹೋಗದೆ ನೇರ ಅಲ್ಲಿಯ ಆಸ್ಪತ್ರೆಗೆ ಹಾಕಿದೆವು. ಅಲ್ಲಿಯ ಡಾಕ್ಟರಮ್ಮ, ನನ್ನ ತಂಗಿಯ ವಯಸ್ಸಿನವರು, ಹೊಟ್ಟೆಯ ಮೇಲೆ ಕೈ ಇಟ್ಟರು. ಕೈ ಇಟ್ಟರು ಎಂಬುದನ್ನು ನಾನು ಇವತ್ತಿಗೂ ಎಲ್ಲರಿಗೂ ಹೇಳುತ್ತೇನೆ. ಒಂದು ಗಂಟೆಯೊಳಗೆ ಹೊಟ್ಟೆ ತೆರೆದರು. ಕರುಳಿನಲ್ಲಿ ತೂತಾಗಿತ್ತು, ಒಳಗೆಲ್ಲ ಕೀವು.

ಮಗಳು ಬದುಕಿದಳು. ಹೊಟ್ಟೆಯ ಪಕ್ಕಕ್ಕೆ ಚೀಲ ಕಟ್ಟಿಕೊಂಡು ಮೂರು ತಿಂಗಳು ಇದ್ದಳು. ಮಲ ಆ ಚೀಲಕ್ಕೆ ಬರುತ್ತಿತ್ತು. ತೊಳೆದವಳು ನಾನು. ಆಮೇಲೆ ಇನ್ನೊಂದು ಆಪರೇಷನ್ ಮಾಡಿ ಸರಿಯಾಗಿ ಸೇರಿಸಿದರು.

ವಡೋದರಾದ ಡಾಕ್ಟರಮ್ಮ ನನ್ನನ್ನು ಒಮ್ಮೆ ವರಾಂಡಕ್ಕೆ ಕರೆದು ಕೇಳಿದ್ದರು, "ಇದು ಸುಟ್ಟ ಗುರುತು ಎಂದು ಯಾರು ಹೇಳಿದ್ದು? ಪಕ್ಕದಲ್ಲಿ ಹೊಲಿಗೆಯ ಚುಕ್ಕೆ ಕಾಣುತ್ತಿದೆ." ನಾನು ಅವರ ಕಾಲು ಹಿಡಿಯಲು ಹೋದೆ. ಅವರು ಎತ್ತಿ ಕೂರಿಸಿ ತಿಳಿಯುವ ಹಾಗೆ ಹೇಳಿದರು. ಹೊಟ್ಟೆ ಒಮ್ಮೆ ತೆರೆದಿದ್ದರೆ ಒಳಗೆ ಕರುಳು ಆ ಗಾಯಕ್ಕೆ ಅಂಟಿಕೊಂಡಿರಬಹುದು. ಹೊಕ್ಕುಳ ಹತ್ತಿರ ಚುಚ್ಚುವ ಮೊದಲ ಸೂಜಿಗೆ ಕಣ್ಣಿಲ್ಲ, ದೂರ್ಬೀನು ಒಳಗೆ ಹೋಗುವುದು ಆಮೇಲೆ. ಹಳೆಯ ಆಪರೇಷನ್ ಗೊತ್ತಿದ್ದರೆ ಪಕ್ಕೆಲುಬಿನ ಕೆಳಗಿನಿಂದಲೋ ಬೇರೆ ರೀತಿಯಲ್ಲೋ ಹೋಗುತ್ತಿದ್ದರು. "ದೂರ್ಬೀನಿನ ಆಪರೇಷನ್ ಕೆಟ್ಟದ್ದಲ್ಲ, ನಾನೂ ಮಾಡುತ್ತೇನೆ," ಅಂದರು. "ಎಷ್ಟು ಎಚ್ಚರವಿದ್ದರೂ ಒಮ್ಮೊಮ್ಮೆ ಕರುಳಿಗೆ ತಾಗುತ್ತದೆ. ಆದರೆ ಇದಾದವರು ದಿನದಿಂದ ದಿನಕ್ಕೆ ಹಗುರಾಗಬೇಕು. ನೋವು ಹೆಚ್ಚುತ್ತಾ ಹೋದರೆ ಗ್ಯಾಸ್ ಎಂದು ಬಿಡಬಾರದು, ಹುಡುಕಬೇಕು. ಗಂಜಿಯಿಂದ ಯಾರ ಕರುಳೂ ತೂತಾಗುವುದಿಲ್ಲ."

ಇದನ್ನು ಬೀಗಿತ್ತಿಗೆ ನೀವೇ ಹೇಳಿ ಎನ್ನಲು ನನಗೆ ಬಾಯಿ ಬರಲಿಲ್ಲ. ಹೇಳಿದರೆ ಗೆರೆಯ ಕಥೆಯೂ ಹೊರಗೆ ಬರುತ್ತದಲ್ಲ. ಅರ್ಧ ಸತ್ಯ ನುಂಗಿ ಸುಮ್ಮನಾದೆ. ಬೀಗಿತ್ತಿ ಸುಮ್ಮನಾಗಲಿಲ್ಲ. ಸೂರತ್ತಿನ ಕನ್ನಡದವರ ಪೂಜೆಗಳಲ್ಲಿ, ಅಹಮದಾಬಾದಿನ ಮದುವೆಗಳಲ್ಲಿ ನಾನು ಗಂಜಿ ಕುಡಿಸಿದಾಕಿ ಆದೆ. ಒಬ್ಬರ ಮನೆಯ ಊಟಕ್ಕೆ ಪಾಯಸ ಬಡಿಸಲು ಎದ್ದರೆ, ಆಕೆ ಎಲ್ಲರ ಮುಂದೆ, "ನೀವ್ ಕುಂದರ್ರಿ ಬೀಗರ, ಇವತ್ತ ಇವರೆಲ್ಲಾ ನಡಕೊಂತ ಮನಿಗಿ ಹೋಗಲಿ" ಅಂದಳು. ಜನ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಮೂರು ವರ್ಷ ಹೀಗೆ ನಕ್ಕೆ.

ಈ ವರ್ಷ ನನ್ನ ಮೊಮ್ಮಗಳು ಹುಟ್ಟಿದಳು. ವಡೋದರಾದ ಅದೇ ಡಾಕ್ಟರಮ್ಮ ಹೊರಗೆ ತೆಗೆದರು. ಎರಡೂ ಮುಷ್ಟಿ ಬಿಗಿ ಹಿಡಿದುಕೊಂಡು, ಯಾರ ಮೇಲೋ ಜಗಳಕ್ಕೆ ಹೊರಟವಳಂತೆ ಬಂದಳು. ನನ್ನದೇ ಹೋಲಿಕೆ. ನಾನು ಆಸ್ಪತ್ರೆಯ ವಾಚ್‌ಮನ್ನನ ಕೈಯನ್ನೂ ಕುಲುಕಿ ಬಂದೆ.

ಹೆಣ್ಣುಮಗಳ ಬಾಣಂತನ ತಾಯಿಯ ಹಕ್ಕು. ಬಾಣಂತಿ ತಿನ್ನುವ ಅಂಟಿನುಂಡಿಗೆ ಅಂಟು, ಅಳವಿ, ಉತ್ತತ್ತಿ ಎಲ್ಲ ಏಳನೇ ತಿಂಗಳಲ್ಲೇ ತಂದಿಟ್ಟಿದ್ದೆ. ಬೀಗಿತ್ತಿ ಮಗಳ ವಡೋದರಾದ ಮನೆಗೆ ಬಂದವಳೇ ಅಡುಗೆಮನೆ ಹಿಡಿದಳು.

"ನೀವು ಕೂಸಿನ ಅರಬಿ ಒಗೀರಿ ಸಾಕು. ಒಲಿ ಕಡೆ ಬರಬ್ಯಾಡ್ರಿ. ಒಮ್ಮಿ ಕುಡಿಸಿದ್ದು ಸಾಕಾಗೈತಿ. ಡಾಕ್ಟರ ಬರದು ಕೊಟ್ಟಾರ, ನಾ ಹೇಳಿದ್ದಲ್ಲ."

ಹನ್ನೆರಡು ದಿನ ನಾನು ಬಟ್ಟೆ ಒಗೆದೆ. ಕೂಸನ್ನು ತೊಟ್ಟಿಲಿಗೆ ಹಾಕಿದ ಮಾರನೇ ಬೆಳಿಗ್ಗೆ ಹೇಳಿದೆ, "ಅಕ್ಕಾರ, ನನ್ನ ಜೋಡಿ ಒಂದಿನ ಅಹಮದಾಬಾದಿಗೆ ಬರ್ರಿ. ಬರದ ಡಾಕ್ಟರನ್ನs ಕೇಳೂಣು. ಗಂಜಿಯಿಂದ ಆತು ಅಂದ್ರ ನಾ ಮಣಿನಗರಕ್ಕ ಹೊಕ್ಕೀನಿ, ಬಾಣಂತನ ನಿಮ್ದು. ಅಲ್ಲ ಅಂದ್ರ ಒಲಿ ನನ್ನದು."

"ಬರ್ತೀನಿ," ಅಂದಳು. "ನೀವು ಅಲ್ಲಿ ಅತ್ತರ ನಾ ಸಮಾಧಾನ ಮಾಡಂಗಿಲ್ಲ, ಈಗs ಹೇಳ್ತೀನಿ."

ಗೆರೆಯ ಕಥೆ ಹೊರಬಿದ್ದರೆ ಎಂಬ ಅಂಜಿಕೆ ಇತ್ತು. ಆದರೆ ಆ ಸಣ್ಣ ಡಾಕ್ಟರಮ್ಮ ಬರೆದದ್ದು ಯಾವ ರದ್ದಿಗೆ ಹೋಗಿದೆಯೋ ಎಂದುಕೊಂಡೆ. ದಾರಿಯಲ್ಲಿ ಎರಡು ಕಿಲೋ ಪೇಢೆ ಕೊಂಡೆ. ಗುಜರಾತಿನಲ್ಲಿ ಗಂಡು ಹುಟ್ಟಿದರೆ ಪೇಢೆ, ಹೆಣ್ಣು ಹುಟ್ಟಿದರೆ ಜಿಲೇಬಿ. ನಾನು ಪೇಢೆಯನ್ನೇ ಕೊಂಡೆ.

ಬೋಡಕ್‌ದೇವ್‌ನ ಆಸ್ಪತ್ರೆಯ ಹೊರಕೋಣೆಯಲ್ಲಿ ಹತ್ತು ಹದಿನೈದು ಹೆಂಗಸರು ಕೂತಿದ್ದರು. ಡಬ್ಬಿ ತೆಗೆದು ಮೊದಲನೆಯವಳಿಗೆ ಕೊಟ್ಟೆ.

"ಬಾಬೋ ಆವ್ಯೋ?" ಗಂಡು ಹುಟ್ಟಿತಾ ಎಂದು ಕೇಳಿದಳು.

"ಬೇಬಿ. ಹೆಣ್ಣು."

"ಬೇಬಿಗೆ ಪೇಢೆಯಾ, ಬಾ?"

"ಇಲ್ಲಿಯ ಡಾಕ್ಟರು ಅದರ ತಾಯಿಯ ಕರುಳು ತೂತು ಮಾಡಿ ಗ್ಯಾಸ್ ಎಂದು ಮನೆಗೆ ಕಳಿಸಿದ್ದರು. ಆದರೂ ಹುಟ್ಟಿದೆ. ಅದಕ್ಕೇ ಪೇಢೆ. ತಗೋ, ಎರಡು ತಗೋ."

ನನ್ನ ಹಿಂದಿ ಮುರುಕು, ಗುಜರಾತಿ ಇನ್ನೂ ಮುರುಕು. ಆದರೆ ಎಲ್ಲರಿಗೂ ತಿಳಿಯಿತು. ಪೇಢೆ ಬಾಯಿಗೆ ಹಾಕಿಕೊಂಡವರು ಅಗಿಯುವುದನ್ನು ನಿಲ್ಲಿಸಿದರು. ನಾನು ಒಬ್ಬೊಬ್ಬರಿಗೂ ಅದನ್ನೇ ಹೇಳಿ ಅದನ್ನೇ ಕೊಟ್ಟೆ. ಆರನೆಯವಳ ಹತ್ತಿರ ಬರುವಷ್ಟರಲ್ಲಿ ಕೌಂಟರಿನ ಹುಡುಗಿ ಓಡಿಬಂದು ನಮ್ಮಿಬ್ಬರನ್ನೂ ಒಳಗೆ ಕರೆದಳು. ನನ್ನ ಹೊಟ್ಟೆ ತಣ್ಣಗಾಯಿತು. ಒಳಗೆ ಹೋಗುವಾಗ ಬಾಗಿಲು ಮುಚ್ಚದಂತೆ ಚೀಲವನ್ನು ಹೊಸ್ತಿಲ ಮೇಲೆ ಇಟ್ಟೆ.

ದೊಡ್ಡ ಡಾಕ್ಟರಿಗೆ ಕೂದಲು ಕಡಿಮೆಯಾಗಿತ್ತು. ನನ್ನ ಗುರುತು ಹತ್ತಲಿಲ್ಲ. ಬಿಡುಗಡೆಯ ಹಳೆಯ ಚೀಟಿ ಮುಂದಿಟ್ಟೆ.

"ಒಂದೇ ಮಾತು ಕೇಳಲು ಬಂದಿದ್ದೇನೆ. ನನ್ನ ಮಗಳ ಕರುಳು ತೂತಾಗಿದ್ದು ಗಂಜಿಯಿಂದಲೋ?"

ಅವರು ಉತ್ತರ ಕೊಡದೆ ಕಂಪ್ಯೂಟರಿನಲ್ಲಿ ಹುಡುಕಿದರು, ಫೈಲು ತರಿಸಿದರು. ಒಂದು ಹಾಳೆಯ ಮೇಲೆ ಬೆರಳಿಟ್ಟರು. "ಬಾ, ಇಲ್ಲಿ ಬರೆದಿದೆ. ಹೊಟ್ಟೆಯ ಗುರುತು ಡಾಮ್, ಮೊದಲು ಆಪರೇಷನ್ ಆಗಿಲ್ಲ, ತಾಯಿ ಹೇಳಿದ್ದು. ಕೆಳಗೆ ನಿಮ್ಮ ಸಹಿ. ವಡೋದರಾದಿಂದ ಬಂದ ವರದಿಯಲ್ಲಿ ಚಿಕ್ಕಂದಿನಲ್ಲಿ ಆಪರೇಷನ್ ಆಗಿತ್ತು ಎಂದಿದೆ. ಸುಳ್ಳು ಹೇಳಿದ್ದು ಯಾರು?"

ಬೀಗಿತ್ತಿಗೆ ಗುಜರಾತಿ ನನಗಿಂತ ಚೆನ್ನಾಗಿ ಬರುತ್ತದೆ. ನಿಧಾನ ನನ್ನ ಕಡೆ ತಿರುಗಿದಳು.

"ಏನ್ ಅನ್ನಾಕತ್ತಾರಿವ್ರು?"

ಆ ಸಹಿ ನನ್ನದೇ. ಮೂರನೇ ಇಯತ್ತೆಯ ಅಕ್ಷರ, ಕೊನೆಯದು ಗೆರೆಯಿಂದ ಕೆಳಗೆ ಜಾರಿತ್ತು. ನನ್ನದಲ್ಲ ಎನ್ನಬಹುದಿತ್ತು. ಅಂದರೆ ಎದ್ದು ಹೋಗಬೇಕಿತ್ತು, ಅವರ ಸಾಲು ಹಾಗೇ ಉಳಿಯುತ್ತಿತ್ತು. ಮೂರು ವರ್ಷ ನನ್ನ ಸೇಡಿಗೆ ಅಡ್ಡ ನಿಂತಿದ್ದು ನನ್ನದೇ ಸುಳ್ಳು.

"ಹೌದ್ರಿ ಅಕ್ಕಾರ," ಅಂದೆ. "ಅದು ಬರಿ ಅಲ್ಲ. ಆರು ವರ್ಷದಾಕಿ ಇದ್ದಾಗ ಹೊಟ್ಟಿ ಕೊಯ್ಸೀವಿ. ನಿಮಗ ಮುಚ್ಚಿಟ್ಟು ಹೆಣ್ಣು ಕೊಟ್ಟೀವಿ. ನೀವು ಬಾಜೂಕ ಕುಂತಿದ್ರಿ ಅಂತ ಇಲ್ಲೂ ಸುಳ್ಳು ಹೇಳೀನಿ."

ಆಮೇಲೆ ಡಾಕ್ಟರ ಕಡೆ ತಿರುಗಿ ನನ್ನ ಮುರುಕು ಹಿಂದಿಯಲ್ಲಿ, ಹೊರಗಿನವರಿಗೂ ಕೇಳುವಂತೆ ಹೇಳಿದೆ. "ನನ್ನ ಸುಳ್ಳು ನಾನು ಹೇಳಿದೆ. ಈಗ ನಿನ್ನದು ಹೇಳು. ಹೊಲಿಗೆಯ ಚುಕ್ಕೆ ವಡೋದರಾದವರಿಗೆ ಕಂಡಿತು, ನಿನಗೆ ಯಾಕೆ ಕಾಣಲಿಲ್ಲ? ಮೈ ಕಾದಿತ್ತು, ಹೊಟ್ಟೆ ಉಬ್ಬಿತ್ತು, ನೀನು ಬಾಗಿಲಲ್ಲಿ ನಿಂತು ಗ್ಯಾಸ್ ಅಂದೆ. ಕೈ ಇಟ್ಟು ನೋಡಿದೆಯಾ?"

"ಬಾ, ಆ ದಿನ ನನಗೆ ನಾಲ್ಕು ಆಪರೇಷನ್ ಇದ್ದವು..."

"ನನಗೆ ಒಬ್ಬಳೇ ಮಗಳಿದ್ದಳು."

ಡಾಕ್ಟರು ಬಾಗಿಲ ಕಡೆ ನೋಡಿದರು, ನನ್ನ ಚೀಲ ನೋಡಿದರು.

"ಗಂಜಿಯಿಂದ ಆಯಿತೋ, ಇಲ್ಲವೋ?"

"ಇಲ್ಲ."

"ಜೋರಾಗಿ."

"ಗಂಜಿಯಿಂದ ಆಗಿಲ್ಲ. ಎರಡನೇ ದಿನವೇ ನಾನು ನೋಡಬೇಕಿತ್ತು."

"ಮೊದಲನೆಯದನ್ನು ಬರೆದು ಕೊಡು. ಗುಜರಾತಿಯಲ್ಲಿ. ಈಕೆ ಓದಬೇಕು."

ಬರೆದರು. ಸಹಿ ಹಾಕಿದರು. ಎರಡನೆಯ ಮಾತನ್ನು ಬರೆಯಲಿಲ್ಲ, ಅದನ್ನು ನಾನು ಮರೆತಿಲ್ಲ. ಅವರ ಮೇಜಿನ ಮೇಲೆ ಒಂದು ಪೇಢೆ ಇಟ್ಟು ಎದ್ದೆ. ಹೊರಗೆ ಬರುವಾಗ ಒಬ್ಬ ಎಳೆಯ ಹೆಂಗಸು ನನ್ನ ಸೆರಗು ಹಿಡಿದು, ತನಗೂ ಚಿಕ್ಕಂದಿನಲ್ಲಿ ಆಪರೇಷನ್ ಆಗಿದೆ, ಹೇಳಬೇಕಾ ಎಂದು ಪಿಸುಗುಟ್ಟಿದಳು. ಪಕ್ಕದಲ್ಲಿ ಅವಳ ಅತ್ತೆ ಕೂತಿದ್ದಳು. "ಅತ್ತೆಯನ್ನು ಚಹಾ ಕುಡಿಯಲು ಕಳಿಸಿ ಹೇಳು," ಅಂದೆ.

ಮಣಿನಗರ ಸ್ಟೇಷನ್ನಿನಲ್ಲಿ ವಡೋದರಾದ ಗಾಡಿ ಹತ್ತಿದೆವು. ಅರ್ಧ ದಾರಿಯಾದ ಮೇಲೆ ಬೀಗಿತ್ತಿ ಬಾಯಿ ಬಿಟ್ಟಳು.

"ಮೊದಲs ಹೇಳಿದ್ರ ನಾವು ಈ ಹೆಣ್ಣು ಬ್ಯಾಡ ಅಂತಿದ್ವಿ."

"ಅದಕ್ಕs ಹೇಳಲಿಲ್ಲ."

"ಮೋಸ ಮಾಡೀರಿ ನಮಗ."

"ಮಾಡೀವ್ರಿ. ಬಯ್ರಿ, ಅದು ನನ್ನದs. ಆದ್ರ ಗಂಜಿ ನನ್ನ ಮ್ಯಾಲೆ ಹೊರಸಬ್ಯಾಡ್ರಿ ಇನ್ನ."

ಮನೆಗೆ ಹೋದವಳೇ ಚಪ್ಪಲಿ ಬಿಡುವ ಮೊದಲು ಸೊಸೆಗೆ ಎಲ್ಲ ಹೇಳಿದಳು, ನಿಮ್ಮವ್ವ ಹಿಂಗ ಮಾಡ್ಯಾಳ ಎಂದು. ಮಗಳು ಕೂಸಿಗೆ ಹಾಲು ಕುಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಅತ್ತಿ, ಮುಝೆ ಭೀ ಮಾಲೂಮ್ ಥಾ. ಗೊತ್ತಿದ್ದೂ ನಾನೂ ಸುಮ್ನಿದ್ದೆ. ಬಯ್ಯೋದಾದ್ರ ಇಬ್ರಿಗೂ ಬಯ್ರಿ. ಆದ್ರ ಮೊದಲು ಅವ್ವನ ಕೈಲೆ ಗಂಜಿ ಮಾಡಿಸ್ರಿ. ಮೂರು ವರ್ಷ ಆತು ಕುಡದು."

ನಾನು ಒಲೆ ಹಚ್ಚಿದೆ. ಡಾಕ್ಟರ ಚೀಟಿಯನ್ನು ಅಡುಗೆಮನೆಯಲ್ಲಿ, ಉಪ್ಪಿನ ಡಬ್ಬಿಯ ಮೇಲೆ, ಒಳಗೆ ಬಂದವರಿಗೆಲ್ಲ ಕಾಣುವಂತೆ ಅಂಟಿಸಿದೆ. ಈಗಲೂ ಇದೆ, ಅರಿಶಿನದ ಕಲೆ ಬಿದ್ದಿದೆ. ಕೂಸಿನ ವರ್ಷ ತುಂಬಿದ ದಿನ ಬೋಡಕ್‌ದೇವ್‌ಗೆ ಮತ್ತೆ ಪೇಢೆ ಒಯ್ಯುತ್ತೇನೆ. ಎರಡನೇ ವರ್ಷವೂ ಒಯ್ಯುತ್ತೇನೆ. ಆ ಮನುಷ್ಯ ಎರಡನೆಯ ಮಾತನ್ನೂ ಬರೆದು ಕೊಡುವ ತನಕ ಆ ಹೊರಕೋಣೆಗೆ ನನ್ನ ಮೊಮ್ಮಗಳ ಸಿಹಿ ತಪ್ಪುವುದಿಲ್ಲ.

ಬೀಗಿತ್ತಿ ಸೂರತ್ತಿಗೆ ಹೊರಡುವವಳು ಹೊರಡಲಿಲ್ಲ, ಕೂಸನ್ನು ಬಿಟ್ಟು ಹೋಗಲು ಮನಸ್ಸಾಗಲಿಲ್ಲ. ಎರಡು ದಿನ ನನ್ನ ಅಡುಗೆ ಮೂಸಿ ನೋಡಿ ಉಂಡಳು. ಮೂರನೇ ದಿನ ಬೆಳಿಗ್ಗೆ ಬಟ್ಟಲು ಹಿಡಿದು ಒಲೆಯ ಹತ್ತಿರ ಬಂದು ನಿಂತಳು.

"ನನಗೂ ಒಂದೀಟು ಹಾಕ್ರಿ."

"ಏನು ಹಾಕ್ಲಿ?" ಅಂದೆ, ಕೈಯಲ್ಲಿ ಸೌಟು ಹಿಡಿದುಕೊಂಡೇ.

"ಅದs ರೀ, ಅದು."

"ಯಾವುದ್ರಿ ಅಕ್ಕಾರ?"

ಮಗಳು ಒಳಗಿನಿಂದ ಕಿಸಕ್ಕನೆ ನಕ್ಕಳು. ಬೀಗಿತ್ತಿ ಉಪ್ಪಿನ ಡಬ್ಬಿಯ ಕಡೆ ಒಮ್ಮೆ ನೋಡಿ, ಮೂರು ಮನೆಗೆ ಕೇಳುವ ದನಿಯಲ್ಲಿ, "ಗಂಜಿ!" ಅಂದಳು.

ಬಟ್ಟಲು ತುಂಬ ಹಾಕಿದೆ.